‘ಏನ್ರೀ ಇದು?’ ಅಂತ ಮಾತ್ರ ಕೇಳಬ್ಯಾಡ್ರಿ

ಹದಿನೈದು ದಿನದ ಹಿಂದೆ ಕಾಕಾ ತಮ್ಮ ಸುಣ್ಣದ ಡಬ್ಬಿಯನ್ನು ನನ್ನ ಹಾಳೆಯ ಮೇಲೆ ಕೆಡವಿದರು.

ಸ್ವಂತ ಕಾಕಾ ಅಲ್ಲ. ನಮ್ಮ ಚಿತ್ರದ ಗುಂಪಿನಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಅದಕ್ಕೇ ಎಲ್ಲರಿಗೂ ಕಾಕಾ. ಎಪ್ಪತ್ತು ದಾಟಿದೆ. ಬಾಯಲ್ಲಿ ಎಲೆ-ಅಡಿಕೆ ಇಲ್ಲದೆ ಕುಂಚ ಮುಟ್ಟುವವರಲ್ಲ. ಆವತ್ತು ನಾನು ಒಂದು ಚಿಟಿಕೆ ಅರಿಸಿನವನ್ನು ನೀರಲ್ಲಿ ಕದಡಿ ಇಡೀ ಹಾಳೆಗೆ ತೆಳುವಾಗಿ ಬಳಿದಿದ್ದೆ. ಒಣಗಿದ ಮೇಲೆ ಮಸಿಯಲ್ಲಿ ಏನಾದರೂ ಗೀಚೋಣ ಅಂತ ಲೆಕ್ಕ. ಪಕ್ಕದಲ್ಲಿ ಕೂತ ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ಜಾರಿತು. ಹಸಿ ಹಳದಿಯ ಮೇಲೆ ಸುಣ್ಣ ಬಿದ್ದಲ್ಲೆಲ್ಲ ಕಣ್ಣೆದುರಿಗೇ ಕೆಂಪಾಯಿತು. ಬೆರಳಿನಿಂದ ಒರೆಸಲು ಹೋದೆ. ಬೆರಳು ಹೋದಲ್ಲೆಲ್ಲ ಕೆಂಪು ಗೆರೆ ಎಳೆದುಕೊಂಡು ಬಂತು.

“ಅಯ್ಯ, ಹಾಳ ಮಾಡಿದ್ನೆಲ್ಲವಾ ತಂಗಿ,” ಅಂದರು ಕಾಕಾ.

ಒಳಗಿಂದ ಚಹಾ ತಂದ ವೈನಿ (ಅತ್ತಿಗೆಗೆ ನಮ್ಮ ಕಡೆ ಹಾಗೇ ಅನ್ನುವುದು) ಬಗ್ಗಿ ನೋಡಿ ನಕ್ಕರು. “ಓಕಳಿ ನೀರು ಆಗೇತಿ ಅಷ್ಟ. ಅದಕ್ಯಾಕ ಇಷ್ಟು ಗಾಬರಿ?”

ಹೌದಲ್ಲ! ಆರತಿ ತಾಟಿನಲ್ಲಿ ಅರಿಸಿನ ನೀರಿಗೆ ಚೂರು ಸುಣ್ಣ ಹಾಕಿ ಕೆಂಪು ಮಾಡುವುದನ್ನು ನಾವೆಲ್ಲ ಸಣ್ಣವರಿದ್ದಾಗಿನಿಂದ ನೋಡಿದ್ದೇವೆ. ಸಾರು ಚೆಲ್ಲಿದ ಅಂಗಿಗೆ ಸಾಬೂನು ತಿಕ್ಕಿದಾಗ ಕಲೆ ಕೆಂಪಾಗುವುದೂ ಇದೇ. ಅರಿಸಿನದೊಳಗಿನ ಕರ್ಕ್ಯುಮಿನ್ ಕ್ಷಾರ ಮುಟ್ಟಿದರೆ ಕೆಂಪಾಗುತ್ತೆ, ಹುಳಿ ಮುಟ್ಟಿದರೆ ಮತ್ತೆ ಹಳದಿ. ಗೊತ್ತಿದ್ದ ವಿಷಯವೇ. ಆದರೆ ಹಾಳೆಯ ಮೇಲೆ ಯಾರೂ ಮಾಡಿ ನೋಡಿರಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲರ ಹಾಳೆಯೂ ಹಳದಿ. ಕಾಕಾ ಕಡ್ಡಿಪೆಟ್ಟಿಗೆಯ ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ ಗೆರೆ ಎಳೆಯುತ್ತಿದ್ದರು. ಒಬ್ಬ ಹುಡುಗಿ ನಿಂಬೆಹೋಳು ಹಿಡಿದು ಆ ಗೆರೆಗಳನ್ನು ಅಲ್ಲಲ್ಲಿ ಅಳಿಸುತ್ತಿದ್ದಳು. ಆ ಪಡಸಾಲೆಯ ಗದ್ದಲ ಕೇಳಿದವರು ಒಳಗೆ ನಾಮಕರಣ ನಡೆದಿದೆ ಅಂದುಕೊಂಡಿರಬೇಕು.

ರಾತ್ರಿ ಆ ಹಾಳೆಯ ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲ ಮೆಸೇಜ್: “ಏನಿದು?” ಎರಡನೆಯದು: “ಇದನ್ನ ಯಾರರ ತಗೋತಾರೇನು?” ಮೂರನೆಯದು ನನ್ನ ಸೋದರತ್ತೆಯದು: “ಕ್ಲಾಸಿಗೆ ಹೊಂಟೀಯಲ್ಲ, ಇನ್ನೂ ಗಣಪತಿ ತಗಿಯೂದು ಕಲಿಸಿಲ್ಲೇನು?”

ಈ ಬರಹ ಆ ಮೂರು ಪ್ರಶ್ನೆಗಳಿಗೆ. ಗುಂಪಿನಲ್ಲಿ ಉತ್ತರ ಕೊಟ್ಟರೆ ಜಗಳ ಆಗುತ್ತೆ, ಅದಕ್ಕೇ ಇಲ್ಲಿ.

ಮೊದಲು ಅತ್ತೆಗೆ. ಅದು ಕ್ಲಾಸ್ ಅಲ್ಲ. ಕಲಿಸುವವರು ಯಾರೂ ಇಲ್ಲ. ಧಾರವಾಡದ ಒಂದು ಹಳೇ ಮನೆಯ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು-ಹತ್ತು ಮಂದಿ ಸೇರುತ್ತೇವೆ. ನಾನು ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿದು ಹೋಗುತ್ತೇನೆ. ಒಬ್ಬರು ಬ್ಯಾಂಕು, ಇಬ್ಬರು ಮನೆ ನಡೆಸುವವರು, ಒಬ್ಬ ಮೊಬೈಲ್ ರಿಪೇರಿ ಹುಡುಗ, ಕೃಷಿ ಓದುವ ಹುಡುಗಿ ಒಬ್ಬಳು. ನನ್ನದು ಆರೂ ದಿನ ಲೆಕ್ಕಪತ್ರದ ಕೆಲಸ. ಒಂದು ಪೈಸೆ ತಪ್ಪಿದರೂ ಸಂಜೆ ಮನೆಗೆ ಹೋಗುವ ಹಾಗಿಲ್ಲ. ಬಣ್ಣದ ತಾಟು ಅಂತ ಎಲ್ಲರ ಮುಂದೆಯೂ ಒಂದೊಂದು ಹಳೇ ಇಡ್ಲಿ ತಟ್ಟೆ ಇರುತ್ತೆ. ನಾಲ್ಕು ಗುಳಿಗೆ ನಾಲ್ಕು ಬಣ್ಣ. ಅಂಗಡಿಯ ಪ್ಲಾಸ್ಟಿಕ್ ಪ್ಯಾಲೆಟ್‌ಗಿಂತ ಸಾವಿರ ಪಾಲು ಛಲೋ, ತೊಳೆದರೆ ಕಲೆಯೂ ಉಳಿಯಲ್ಲ.

ಇನ್ನು ‘ಏನಿದು?’

ಈ ಪ್ರಶ್ನೆಗೆ ನಮ್ಮಲ್ಲಿ ಜಾಸ್ತಿ ಒದ್ದಾಡಿದವರು ಡ್ರಾಯಿಂಗ್ ಸರ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ಎಷ್ಟೋ ಮಕ್ಕಳನ್ನು ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರಿಸಿದ್ದಾರೆ. ತಾಮ್ರದ ತಂಬಿಗೆ ಮುಂದಿಟ್ಟರೆ ಅದರ ಹೊಳಪು, ನೆರಳು, ಕಂಠದ ಅಂಡಾಕಾರ ಎಲ್ಲವನ್ನೂ ಕಣ್ಣುಮುಚ್ಚಿ ತೆಗೆಯುವ ಕೈ. ಅವರು ಬಂದ ಮೊದಲ ದಿನ ವೈನಿ ಹೇಳಿದ್ದು ಇಷ್ಟೇ: ಹಾಳೆ ಪೂರ್ತಿ ಒದ್ದೆ ಮಾಡ್ರಿ, ಎರಡು ಬಣ್ಣ ಬಿಡ್ರಿ, ಕೈ ಹಿಂದಕ್ಕ ತಗೋರಿ. ಸರ್ ಒದ್ದೆ ಮಾಡಿದರು. ನೀಲಿ ಬಿಟ್ಟರು, ಕಂದು ಬಿಟ್ಟರು. ಕೈ ಹಿಂದಕ್ಕೆ ಹೋಗಲಿಲ್ಲ. ಬಣ್ಣ ಹರಿಯುತ್ತಿದ್ದಂತೆ ಕುಂಚ ಹಾಕಿ ಅದನ್ನು ಗುಡ್ಡ ಮಾಡಿದರು, ಗುಡ್ಡದ ಕೆಳಗೆ ಗುಡಿಸಲು ಮಾಡಿದರು, ಗುಡಿಸಲ ಪಕ್ಕ ತೆಂಗಿನ ಮರ. ಆಮೇಲೆ ತಾವೇ ನೋಡಿ ಬೇಜಾರಾದರು. “ಕೈ ಮಾತು ಕೇಳತೇತ್ರಿ, ಮನಸ್ಸು ಕೇಳೂದಿಲ್ಲ,” ಅಂದರು. ಆರು ತಿಂಗಳು ಹೀಗೇ ನಡೆಯಿತು. ಪ್ರತಿ ಕಲೆಯೂ ಅವರ ಕೈಯಲ್ಲಿ ಗುಡ್ಡವೋ ಮೋಡವೋ ಆಗಿಬಿಡುತ್ತಿತ್ತು.

ಅವರನ್ನು ನಗೆ ಮಾಡುತ್ತಿಲ್ಲ. ಕಟ್ಟುನಿಟ್ಟಾಗಿ ಕಲಿಯುವುದಕ್ಕೆ ನಮ್ಮ ಕಡೆ ದೊಡ್ಡ ಪರಂಪರೆಯೇ ಇದೆ. ಧಾರವಾಡದಲ್ಲಿ ಹಾಲಭಾವಿಯವರ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರ. ಅಲ್ಲಿ ಕಲಿತವರ ಮುಂದೆ ನಾನು ‘ಕಲಾವಿದೆ’ ಅಂದುಕೊಂಡರೆ ಅದು ಸೊಕ್ಕು. ‘ಎಲ್ಲರೂ ಕಲಾವಿದರೇ’ ಅನ್ನುವ ಮಾತೂ ನನಗೆ ಸೇರುವುದಿಲ್ಲ. ಎಲ್ಲರೂ ಅಡುಗೆ ಮಾಡುತ್ತಾರೆ, ಹಾಗಂತ ಎಲ್ಲರೂ ಮದುವೆಮನೆ ಅಡುಗೆಭಟ್ಟರಾ? ನಾನು ಹೇಳುತ್ತಿರುವುದು ಬೇರೆ. ಕಲಿಯುವುದು ಒಂದು ಕೆಲಸ, ಆಡುವುದು ಇನ್ನೊಂದು. ಆಡುವುದು ಕಲಿಕೆಯ ಮೊದಲ ಮೆಟ್ಟಿಲು ಅಂತ ತಿಳಿದು ಅದಕ್ಕೆ ಬೆಲೆ ಕೊಡುವವರೇ ಜಾಸ್ತಿ. ನಾವು ಯಾವ ಮೆಟ್ಟಿಲನ್ನೂ ಹತ್ತುತ್ತಿಲ್ಲ. ಪಡಸಾಲೆಯಲ್ಲೇ ಕೂತಿದ್ದೇವೆ.

ಅದಕ್ಕೆ ಜಲವರ್ಣದಷ್ಟು ಒಳ್ಳೇ ಜೊತೆಗಾರ ಇನ್ನೊಂದಿಲ್ಲ, ಯಾಕಂದರೆ ಅರ್ಧ ಕೆಲಸ ನೀರು ಮಾಡುತ್ತೆ. ಬಳಿದ ಬಣ್ಣ ಅರೆ ಒಣಗಿದಾಗ ಅದರ ಮೇಲೆ ಒಂದು ಹನಿ ನೀರು ಬಿದ್ದರೆ ಆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತೆ. ಒಣಗಿದ ಮೇಲೆ ನೋಡಿದರೆ ಥೇಟ್ ಹೂಕೋಸು. ಕಲಿತವರು ಅದನ್ನು ತಪ್ಪು ಅನ್ನುತ್ತಾರೆ. ನಾವು ಹೂಕೋಸು ಬರಲಿ ಅಂತಲೇ ಕಾಯುತ್ತೇವೆ.

ಉಪ್ಪಿನದೂ ಹಾಗೇ. ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ಪ್ರತಿ ಹರಳೂ ಸುತ್ತಲಿನ ನೀರು ಹೀರುತ್ತೆ, ಅಲ್ಲೊಂದು ಬಿಳಿ ನಕ್ಷತ್ರ ಬಿಡುತ್ತೆ. ಪುಡಿ ಉಪ್ಪಿಗೆ ರಾಗಿಕಾಳಿನಷ್ಟು ಸಣ್ಣ ಚುಕ್ಕಿ, ಹರಳುಪ್ಪಿಗೆ ದೊಡ್ಡ ಹೂವು. ಎಲ್ಲ ಇರುವುದು ಗಳಿಗೆಯಲ್ಲಿ. ನೀರು ಕೆರೆಯ ಹಾಗೆ ನಿಂತಿದ್ದರೆ ಉಪ್ಪು ಕರಗಿ ಹೋಗುತ್ತೆ. ಹೊಳಪು ಆರಿದ ಮೇಲೆ ಹಾಕಿದರೆ ಏನೂ ಆಗಲ್ಲ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದು ನೋಡಬೇಕು. ಹೊಳಪು ಇದೆ, ಆದರೆ ನೀರು ಹರಿಯುತ್ತಿಲ್ಲ, ಅದೇ ಹೊತ್ತು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ನನ್ನ ಮನೆಯಲ್ಲಿ ಆ ಹೊತ್ತು ಒಂದು ನಿಮಿಷವೂ ಇರುವುದಿಲ್ಲ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಚಹಾ ಕುಡಿದು, ಪಕ್ಕದ ಮನೆ ಸುದ್ದಿ ಮುಗಿಸಿ ಬಂದರೂ ಹಾಳೆ ಇನ್ನೂ ಒದ್ದೆ. ವೈನಿ ಆಗ ಹೇರ್ ಡ್ರೈಯರ್ ತರುತ್ತಾರೆ. ನನಗೆ ಅದು ಸೇರುವುದಿಲ್ಲ. ಗಾಳಿ ಬಣ್ಣವನ್ನು ಓಡಿಸುತ್ತೆ.

ದುಡ್ಡಿನ ಬಗ್ಗೆ ಒಂದು ಮಾತು, ಯಾಕಂದರೆ ಹೊಸಬರು ಬಂದ ಕೂಡಲೇ ನಲವತ್ತೆಂಟು ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಬರುತ್ತಾರೆ. ಬೇಡ. ಒಂದು ಹಳದಿ, ಒಂದು ಕೆಂಪು, ಒಂದು ನೀಲಿ ಸಾಕು. ಖರ್ಚು ಮಾಡುವುದಿದ್ದರೆ ಕಾಗದಕ್ಕೆ ಮಾಡಿ. ಶಾಲೆಯ ಡ್ರಾಯಿಂಗ್ ಶೀಟ್ ನೀರು ಬಿದ್ದ ಕೂಡಲೇ ಕರಿದ ಹಪ್ಪಳದಂತೆ ಎದ್ದು ಕೂರುತ್ತೆ. ನೀರೆಲ್ಲ ತಗ್ಗಿಗೆ ಹೋಗಿ ನಿಲ್ಲುತ್ತೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದವಾದರೆ ನೀರು ಹಿಡಿದಿಟ್ಟುಕೊಳ್ಳುತ್ತೆ, ಮೂರು ಸಲ ಬಳಿದರೂ ಮೇಲ್ಮೈ ಏಳುವುದಿಲ್ಲ. ದುಬಾರಿ, ನಿಜ. ದೊಡ್ಡ ಹಾಳೆ ತಂದು ಪೋಸ್ಟ್‌ಕಾರ್ಡಿನಷ್ಟು ಅಗಲಕ್ಕೆ ಹರಿದುಕೊಳ್ಳಿ. ಸಣ್ಣ ತುಂಡಿಗೆ ಯಾರೂ ಹೆದರುವುದಿಲ್ಲ. ಎರಡೂ ಬದಿ ಬಳಸಿ.

ಬಣ್ಣ ಮನೆಯಲ್ಲೇ ಬೇಕಾದಷ್ಟಿದೆ. ಕಾಕಾ ಒಂದು ದಿನ ಕಾಗದದ ಪೊಟ್ಟಣದಲ್ಲಿ ಧೋತರಕ್ಕೆ ಹಾಕುವ ನೀಲಿಯ ಪುಡಿ ತಂದಿದ್ದರು. ಅಂಟು ಕಲಸಿ ಬಳಿದರೆ ಕಾಗದದ ತಗ್ಗುಗಳಲ್ಲಿ ಕಾಳುಕಾಳಾಗಿ ಕೂತಿತು, ಸಂಜೆ ಆಕಾಶದ ಹಾಗೆ. ಹಳೇ ಕಾಲದ ಈ ಬಟ್ಟೆ ನೀಲಿ ಅಂದರೆ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಅದನ್ನು ಅಫ್ಘಾನಿಸ್ತಾನದ ಗಣಿಯ ಲಾಪಿಸ್ ಕಲ್ಲು ಅರೆದು ಮಾಡುತ್ತಿದ್ದರು, ಬಂಗಾರದ ಬೆಲೆ. ಕಡಿಮೆ ಖರ್ಚಿನಲ್ಲಿ ಮಾಡುವವರಿಗೆ ಫ್ರಾನ್ಸ್‌ನಲ್ಲಿ ಬಹುಮಾನ ಇಟ್ಟರು. 1828ರಲ್ಲಿ ಗಿಮೆ ಅನ್ನುವವರು ಅದನ್ನು ಗೆದ್ದರು. ಚರ್ಚಿನ ಗೋಡೆ ಮೇಲೆ ಮೇರಿಮಾತೆಯ ಸೆರಗಿಗೆ ಹಚ್ಚುತ್ತಿದ್ದ ಬಣ್ಣ ಹಾಗೆ ಕೊನೆಗೆ ಕಾಕಾನ ಧೋತರಕ್ಕೆ ಬಂತು. ಈಗಿನ ಬಾಟಲಿಯ ಹನಿ ನೀಲಿಗೆ ಈ ಕಾಳು ಬರುವುದಿಲ್ಲ, ನೋಡಿದ್ದೇವೆ.

ಆದರೆ ನನಗೆ ಹುಚ್ಚು ಹಿಡಿಸಿದ್ದು ಮಣ್ಣು. ನಮ್ಮ ಹುಬ್ಬಳ್ಳಿ ಇರುವ ಜಾಗ ನೋಡಿ. ಪೂರ್ವಕ್ಕೆ ಅಣ್ಣಿಗೇರಿ, ಗದಗ, ನವಲಗುಂದ ಕಡೆ ಹೋದರೆ ಎರೆ ಹೊಲ, ಕಪ್ಪು. ಧಾರವಾಡ ದಾಟಿ ಮಲೆನಾಡಿನ ಕಡೆ ತಿರುಗಿದರೆ ಮಸಾರಿ, ಕೆಂಪು. ಕೃಷಿ ಓದುವ ಹುಡುಗಿ ನವಲಗುಂದದ ತಮ್ಮ ಹೊಲದಿಂದ ಒಂದು ಡಬ್ಬಿ ಎರೆ ಮಣ್ಣು ತಂದಳು. ಕೆಂಪು ನಾನು ತಂದೆ. ಎರಡನ್ನೂ ಕುಟ್ಟಿ, ನೀರಲ್ಲಿ ಕದಡಿ, ಉಸುಕು ತಳಕ್ಕೆ ಇಳಿಯುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಹಳೇ ಧೋತರದ ಅರಿವೆಯಲ್ಲಿ ಸೋಸಿದೆವು. ಅದು ಒಣಗಿದ ಮೇಲೆ ಬೆಣ್ಣೆಯಂಥ ಪುಡಿ. ಜಾಲಿ ಮರದ ಅಂಟನ್ನು ರಾತ್ರಿಯೇ ನೆನೆಹಾಕಿದ್ದೆವು. ಅಂಟು, ಪುಡಿ, ಎರಡು ಹನಿ ಜೇನುತುಪ್ಪ. ಗಾಜಿನ ಮೇಲೆ ತಟ್ಟೆಯ ತಳದಿಂದ ತಿಕ್ಕಿ ತಿಕ್ಕಿ ಅರೆದರೆ ಬಣ್ಣ ತಯಾರು.

ಮಸಾರಿ ಬಣ್ಣ ಹೇಳಿದ ಹಾಗೆ ಕೇಳಿತು. ಎರೆ ಕೇಳಲಿಲ್ಲ. ತೆಳುವಾಗಿ ಬಳಿದಾಗ ಸುಮ್ನೆ ಬೂದು. ಸಿಟ್ಟು ಬಂದು ಹುಡುಗಿ ದಪ್ಪಗೆ ಮೆತ್ತಿದಳು. ಮಧ್ಯಾಹ್ನ ಬಿಸಿಲಿಗಿಟ್ಟ ಹಾಳೆ ನೋಡಿ ನಾವೆಲ್ಲ ಬಾಯಿ ಮುಚ್ಚಿಕೊಂಡೆವು. ಬಣ್ಣ ಒಣಗುತ್ತಾ ಬಿರಿದಿತ್ತು. ಆರು ಮೂಲೆ, ಐದು ಮೂಲೆಯ ಸಣ್ಣ ಸಣ್ಣ ಹೆಂಟೆ, ನಡುವೆ ಬಿರುಕು. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುತ್ತಲ್ಲ, ಅದೇ. ನೀರು ಕುಡಿದು ಉಬ್ಬುವ, ಒಣಗಿದರೆ ಕುಗ್ಗುವ ಮಣ್ಣು ಅದು. ಪೋಸ್ಟ್‌ಕಾರ್ಡಿನ ಮೇಲೂ ತನ್ನ ಗುಣ ಬಿಡಲಿಲ್ಲ. ಅವಳು ಹೊಲದ ಚಿತ್ರ ತೆಗೆದಿರಲಿಲ್ಲ. ಹೊಲವೇ ಬಂದು ಕೂತಿತ್ತು. “ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಿದ್ರೂ ಹಿಂಗ ಬಿರಿತಾವ್ರೀ. ನಮ್ಮಜ್ಜಿ ನಾರು ಕಲಸ್ತಿದ್ಲು,” ಅಂದಳು. ಮುಂದಿನ ವಾರ ಅವಳು ಹತ್ತಿಯ ಎಳೆ ಕಲಸಿ ನೋಡಿದಳು. ಬಿರುಕು ನಿಂತಿತು. ಚಿತ್ರ ಸಪ್ಪೆಯಾಯಿತು. ಮತ್ತೆ ನಾರಿಲ್ಲದೆ ಮೆತ್ತಿದಳು.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಇದನ್ನು ಹಾಳು ಮಾಡಲು ಹೊರಟಿದ್ದೆ. ಎರಡನೇ ಪ್ರಶ್ನೆ, ‘ಯಾರರ ತಗೋತಾರೇನು’, ಅದು ನನ್ನ ತಲೆಯಲ್ಲೇ ಮೊದಲು ಹುಟ್ಟಿದ್ದು. ಹೋದ ವರ್ಷ ಒಂದು ಪ್ರದರ್ಶನ ಮಾಡೋಣ ಅಂತ ನಾನೇ ಹಟ ಹಿಡಿದೆ. ಕಾಕಾ ಬೇಡ ಅಂದರು. ಕೇಳಲಿಲ್ಲ. ತಾರೀಕು ಗೊತ್ತಾದ ಮರು ಭಾನುವಾರವೇ ಪಡಸಾಲೆ ಪರೀಕ್ಷೆಯ ಕೋಣೆ ಆಯಿತು. ಯಾರ ಕೈಯಲ್ಲೂ ಉಪ್ಪಿಲ್ಲ, ಮಣ್ಣಿಲ್ಲ. ಬ್ಯಾಂಕಿನವರು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಫೋಟೋ ಮುಂದಿಟ್ಟುಕೊಂಡು ಕಂಬ ಎಣಿಸುತ್ತಿದ್ದರು. ಮೊಬೈಲ್ ಹುಡುಗ ನವಿಲು. ನಾನು ಗಣಪತಿ. ಹೌದು ಅತ್ತೆ, ಗಣಪತಿ! ಪಕ್ಕದವರ ಹಾಳೆ ನೋಡಿ ನಮ್ಮದನ್ನು ಹೋಲಿಸಿಕೊಳ್ಳುವುದು ಶುರುವಾಯಿತು. ನೀರು ಚೆಲ್ಲಿದರೆ ಸಿಟ್ಟು. ಎರಡು ತಿಂಗಳಲ್ಲಿ ಒಬ್ಬರೂ ನಕ್ಕಿದ್ದು ನೆನಪಿಲ್ಲ.

ಪ್ರದರ್ಶನ ಆಯಿತು. ಗುಡಿ ಒಂದೂವರೆ ಸಾವಿರಕ್ಕೆ ಹೋಯಿತು. ನನ್ನ ಗಣಪತಿಯನ್ನು ನನ್ನ ತಮ್ಮನೇ ಕೊಂಡ. ಬಂದವರೆಲ್ಲ ಒಳ್ಳೆಯ ಮಾತೇ ಆಡಿದರು. ಆಮೇಲಿನ ನಾಲ್ಕು ಭಾನುವಾರ ಪಡಸಾಲೆಗೆ ಬಂದವರು ಮೂವರು. ಕಾಕಾ, ವೈನಿ, ಮತ್ತೆ, ಯಾರೂ ನಂಬಲಿಕ್ಕಿಲ್ಲ, ಡ್ರಾಯಿಂಗ್ ಸರ್.

ಸರ್ ಪ್ರದರ್ಶನಕ್ಕೆ ಚಿತ್ರ ಕೊಟ್ಟಿರಲಿಲ್ಲ. ಇಡೀ ಜೀವನ ಅದೇ ಮಾಡಿದ್ದೇನೆ, ಈಗ ಬೇಡ ಅಂದಿದ್ದರಂತೆ. ನಾನು ನಾಚಿಕೆ ಬಿಟ್ಟು ಐದನೇ ವಾರ ಹೋದಾಗ ಅವರು ಚಿಗರಿ ಟಿಕೆಟ್ಟುಗಳನ್ನು ಅಂಟಿಸಿ, ಮೇಲೆ ಮೇಣದಬತ್ತಿ ಉಜ್ಜಿ, ಅದರ ಮೇಲೆ ಚಹಾದ ಡಿಕಾಕ್ಷನ್ ಸುರಿಯುತ್ತಿದ್ದರು. ಮೇಣ ಇದ್ದಲ್ಲಿ ಚಹಾ ಹಿಡಿಯುವುದಿಲ್ಲ, ಬಿಳಿ ಗೆರೆ ಉಳಿಯುತ್ತೆ. ನಾನು ನೋಡುತ್ತಾ ನಿಂತೆ. ಗುಡ್ಡ ಇರಲಿಲ್ಲ. ಗುಡಿಸಲು ಇರಲಿಲ್ಲ. “ಏನ್ರೀ ಸರ್ ಇದು?” ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅವತ್ತಿನಿಂದ ಅದೊಂದೇ ನಿಯಮ. ಪಡಸಾಲೆಯಲ್ಲಿ ‘ಏನಿದು’ ಅಂತ ಯಾರೂ ಕೇಳುವ ಹಾಗಿಲ್ಲ. ‘ಹೆಂಗ ಮಾಡಿದ್ರಿ’ ಅಂತ ಕೇಳಬಹುದು. ಎರಡಕ್ಕೂ ಭಾಳ ಫರಕು ಇದೆ. ಮೊದಲನೆಯದಕ್ಕೆ ಉತ್ತರ ಕೊಡಲು ಹೋದವರು ಮುಂದಿನ ಹಾಳೆಗೆ ಕೈ ಹಚ್ಚುವ ಮೊದಲೇ ಉತ್ತರ ಹುಡುಕಿಟ್ಟುಕೊಳ್ಳುತ್ತಾರೆ. ಎರಡನೆಯದು ಕೇಳಿದರೆ ಅವರು ಉಪ್ಪಿನ ಡಬ್ಬಿ ನಿಮ್ಮ ಕಡೆ ಸರಿಸುತ್ತಾರೆ.

ವೈನಿಗೆ ಕಸೂತಿ ಬರುತ್ತೆ, ಗವಂತಿ, ಮುರಗಿ, ನೇಯ್ಗಿ, ಮೆಂತಿ ನಾಲ್ಕೂ. ಕಸೂತಿಯಲ್ಲಿ ಅರಿವೆಯ ಮೇಲೆ ನಕಾಶೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಂತೂ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. “ಅಲ್ಲಿ ಒಂದು ಎಳಿ ತಪ್ಪಿದ್ರ ಬಿಚ್ಚಬೇಕು. ಇಲ್ಲಿ ಬಿಚ್ಚೂದು ಅನ್ನೂದ ಇಲ್ಲ. ಅದಕ್ಕ ಇಲ್ಲಿ ಕೂಡ್ತೀನಿ,” ಅನ್ನುತ್ತಾರೆ. ಅವರು ಟೇಲರ್ ಹತ್ತಿರ ಉಳಿದ ಗುಳೇದಗುಡ್ಡ ಖಣದ ತುಂಡು ತಂದು ಬಣ್ಣದ ಹಾಳೆಗೆ ಅಂಟಿಸುತ್ತಾರೆ, ಆಮೇಲೆ ಕಾಗದಕ್ಕೇ ಸೂಜಿ ಹಾಕುತ್ತಾರೆ. ಕಾಗದದಲ್ಲಿ ಎಣಿಸಲು ಎಳೆ ಎಲ್ಲಿದೆ? ಹೊಲಿದ ತೇರಿನ ಚಿತ್ತಾರ ಸೊಟ್ಟಗಾಗುತ್ತೆ. ಅವರಿಗೆ ಅದೇ ಖುಷಿ.

ಇನ್ನೊಂದು ಪ್ರಶ್ನೆಯೂ ಬರುತ್ತೆ, ಅದೂ ಓದಿದವರಿಂದ: “ಇದರಿಂದ ಸ್ಟ್ರೆಸ್ ಕಡಿಮೆ ಆಗುತ್ತಂತಲ್ಲ?” ಆಗಬಹುದು, ಆಗದೆಯೂ ಇರಬಹುದು. ನಾನು ಔಷಧಿ ಅಂತ ಹೋಗುತ್ತಿಲ್ಲ. ಚೌಕಾಬಾರಾ ಆಡುವವರನ್ನು ಬಿಪಿ ಎಷ್ಟು ಇಳಿಯಿತು ಅಂತ ಯಾರಾದರೂ ಕೇಳುತ್ತಾರಾ?

ರವೀಂದ್ರನಾಥ ಟಾಗೋರರು ಹಸ್ತಪ್ರತಿಯಲ್ಲಿ ಬೇಡವಾದ ಸಾಲು ಹೊಡೆದುಹಾಕುವಾಗ ಆ ಗೀಟುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋದರು. ಅದರಿಂದ ಕೊಕ್ಕು, ಬಾಲ, ವಿಚಿತ್ರ ಮೃಗಗಳು ಎದ್ದವು. ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದವರು 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನ ಮಾಡಿದರು. ಇದನ್ನು ಹೇಳಿದರೆ ಮೊಬೈಲ್ ಹುಡುಗ ಕೂಡಲೇ, “ನೋಡ್ರಿ ಮತ್ತ, ಗೀಚಿದ್ರೂ ಪ್ಯಾರಿಸ್ ಮುಟ್ಟಬಹುದು,” ಅಂದ. ನಾನು ಹೇಳಿದ್ದು ಅದಕ್ಕಲ್ಲ ತಮ್ಮಾ. ಆ ಗೀಟು ಹಾಕುವಾಗ ಅವರ ತಲೆಯಲ್ಲಿ ಪ್ಯಾರಿಸ್ ಇರಲಿಲ್ಲ.

ನಮ್ಮ ಹಾಳೆಗಳಲ್ಲಿ ಬಹಳಷ್ಟು ಕೆಟ್ಟವೇ. ಚಂದ ಅಂತ ಸುಳ್ಳು ಹೇಳಲ್ಲ. ನಾಲ್ಕರಲ್ಲಿ ಮೂರು ರದ್ದಿಗೆ ಹೋಗುತ್ತವೆ, ಇಲ್ಲ ಹರಿದು ಮುಂದಿನ ವಾರದ ಹಾಳೆಗೆ ಅಂಟಿಕೊಳ್ಳುತ್ತವೆ. ಅರಿಸಿನದ್ದಂತೂ ಇಟ್ಟುಕೊಳ್ಳುವ ಮಾತೇ ಇಲ್ಲ. ಬಿಸಿಲಿಗೆ ಕೆಲವೇ ದಿನದಲ್ಲಿ ಹಾರಿಹೋಗುತ್ತೆ. ಕಾಕಾನ ಸುಣ್ಣ ಬಿದ್ದ ಆ ಹಾಳೆಯನ್ನು ನಿನ್ನೆ ಭಾನುವಾರ ಚೀಲದಿಂದ ತೆಗೆದು ನೋಡಿದೆ. ಆ ರಕ್ತಗೆಂಪು ಇರಲಿಲ್ಲ. ಮಂಕಾಗಿ, ಹಳೇ ಇಟ್ಟಂಗಿಯ ಬಣ್ಣಕ್ಕೆ ಇಳಿದಿತ್ತು. ಮನೆಯವರ ಗುಂಪಿನಲ್ಲಿರುವ ಫೋಟೋದಲ್ಲಿ ಮಾತ್ರ ಕೆಂಪು ಉಳಿದಿದೆ. ಅತ್ತೆ, ಬೇಕಾದರೆ ಅದನ್ನೇ ತಗೋರಿ, ದುಡ್ಡು ಬೇಡ.

ಕಾಕಾಗೂ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಏನೂ ಹೇಳಲಿಲ್ಲ. ನಾನು ಹೊಸ ತುಂಡಿಗೆ ಅರಿಸಿನ ಬಳಿಯುತ್ತಿದ್ದಾಗ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು, ಸರಿಯಾಗಿ ನನ್ನ ಮೊಣಕೈ ತಾಗುವ ಜಾಗದಲ್ಲಿಟ್ಟು, ಎಲೆ ಹುಡುಕುವ ನೆಪದಲ್ಲಿ ಆಕಡೆ ತಿರುಗಿದರು.